ವೇದಿಕೆಯ ಎಡಗಡೆಯ ಕುರ್ಚಿ

ಮಾರ್ಚ್ ೪

ಅಂಗಡಿಯ ಯಜಮಾನತಿ ಈ ಡೈರಿ ಕೊಟ್ಟು ಎಷ್ಟೋ ದಿನವಾಯಿತು. ದಾರದ ಕಂಪನಿಯವರು ಪುಕ್ಕಟೆ ಹಂಚಿದ್ದು, ಪ್ರತಿ ಪುಟದ ಮೂಲೆಯಲ್ಲೂ ಒಂದು ದಾರದ ಉಂಡೆ. ಮನಸ್ಸಲ್ಲಿರುವುದನ್ನು ಬರಿ, ಹಗುರಾಗುತ್ತದೆ ಎಂದಿದ್ದಳು. ಹಗುರಾಗುವ ಆಸೆ ನನಗಿಲ್ಲ. ಇವತ್ತು ಬರೆಯಲು ಕೂತದ್ದು ಸಿಟ್ಟಿಗೆ. ಅದನ್ನು ಅಮ್ಮನ ಮೇಲೆ ತೋರಿಸುವಂತಿಲ್ಲ, ಅಂಗಡಿಯಲ್ಲಿ ಪರದೆ ಬಟ್ಟೆಯ ಮೇಲೆ ತೋರಿಸಿದರೆ ಹೊಲಿಗೆ ಸೊಟ್ಟಗಾಗುತ್ತದೆ.

ಬೆಳಿಗ್ಗೆ ನಾಯಕರು ಬಂದಿದ್ದರು. ಚುನಾವಣೆಗೆ ನಿಂತವರು, ಬೀದಿಯ ಗೋಡೆಗಳ ಮೇಲೆಲ್ಲ ಕೈ ಬೀಸುತ್ತ ನಗುತ್ತಿರುವವರು. ಹಿಂದೆ ಒಂದು ದಂಡೇ ಇತ್ತು. ನಮ್ಮ ಎರಡು ಕೋಣೆಯ ಮನೆಯಲ್ಲಿ ತಮ್ಮ ಸತ್ತ ದಿನವೂ ಅಷ್ಟು ಜನ ನಿಂತಿರಲಿಲ್ಲ. ಅಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು. ಕ್ಯಾಮೆರಾದವನು ಬೆಳಕು ಸಾಲದು ಎಂದ. ಕೈ ಬಿಟ್ಟು, ಕಿಟಕಿಯ ಕಡೆ ತಿರುಗಿ, ಮತ್ತೆ ಹಿಡಿದುಕೊಂಡರು. ಅವರೆಲ್ಲ ಹೋದ ಮೇಲೆ ಅಮ್ಮ, "ನಲ್ಲಿ ರಿಪೇರಿಯವನಾ? ನೋಡ್ದೇನೇ ಹೋದ್ನಲ್ಲ" ಎಂದಳು. ತಮ್ಮ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ಅವರು ಹೇಳಿದ್ದಿಷ್ಟು. ನಾನು ಗೆದ್ದರೆ ಕಾರ್ಖಾನೆಯ ಬೆಂಕಿಯ ಬಗ್ಗೆ ತನಿಖೆ ಮಾಡಿಸುತ್ತೇನೆ. ಅಲ್ಲಿಯವರೆಗೆ ನೀವು ನನ್ನ ಸಭೆಗಳಿಗೆ ಬಂದು ವೇದಿಕೆಯ ಮೇಲೆ ಸುಮ್ಮನೆ ಕೂತರೆ ಸಾಕು. ಯೋಚಿಸುತ್ತೇನೆ ಎಂದೆ. ಅವರ ಬೂಟಿನ ಗುರುತು ಒರೆಸುವುದಕ್ಕೆ ಎರಡು ಬಕೆಟ್ ನೀರು ಬೇಕಾಯಿತು.

ನನಗೆ ಬೇಕಾದದ್ದು ಒಂದೇ. ಹಾಸಿಗೆ ಕಾರ್ಖಾನೆಯ ಹಿಂದಿನ ಬಾಗಿಲಿಗೆ ಬೀಗ ಹಾಕಿಸಿದ್ದು ಯಾರು ಎಂದು ಸರ್ಕಾರದ ಕಾಗದದಲ್ಲಿ ಬರಬೇಕು. ಕಂಪನಿಯವರು ಬಾಗಿಲು ತೆರೆದೇ ಇತ್ತು ಎನ್ನುತ್ತಾರೆ. ಬೆಂಕಿ ಹತ್ತಿದ್ದು ಕೆಲಸದವರ ಸಿಗರೇಟಿನಿಂದ, ಅವರೇ ಗಾಬರಿಯಲ್ಲಿ ದಾರಿ ತಪ್ಪಿ ಸತ್ತರು ಎನ್ನುತ್ತಾರೆ. ತಮ್ಮನೂ ಸೇರಿ ನಾಲ್ಕು ಜನ ಒಬ್ಬರ ಮೇಲೊಬ್ಬರು ಆ ಬಾಗಿಲ ಬುಡದಲ್ಲೇ ಸಿಕ್ಕರಲ್ಲ, ತೆರೆದ ಬಾಗಿಲಾಗಿದ್ದರೆ? ಈಗ ಆ ಬಾಗಿಲೂ ಇಲ್ಲ. ಕಿತ್ತು, ಗೋಡೆ ಕಟ್ಟಿ, ಸುಣ್ಣ ಬಳಿದಿದ್ದಾರೆ.

ಬದುಕಿ ಬಂದ ಉದ್ದಣ್ಣ ಬೀಗವನ್ನು ಕಣ್ಣಾರೆ ನೋಡಿದ್ದಾನೆ. ತಮ್ಮನ ಜೊತೆ ಅದೇ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದವನು. ಬಾಗಿಲಲ್ಲಿ ಬಗ್ಗಿಯೇ ಬರಬೇಕಾದಷ್ಟು ಎತ್ತರ, ಅದಕ್ಕೇ ಆ ಹೆಸರು. ಆದರೆ ಅವನನ್ನು ಹೋದ ವರ್ಷ ಕೆಲಸದಿಂದ ತೆಗೆದು ಮತ್ತೆ ಸೇರಿಸಿಕೊಂಡಿದ್ದರು, ಹಾಗಾಗಿ ಹಗೆ ತೀರಿಸಿಕೊಳ್ಳುತ್ತಿದ್ದಾನೆ ಎನ್ನುತ್ತಾರೆ ಕಂಪನಿಯವರು. ಉಳಿದದ್ದು ನನಗೆ ಬಂದ ಫೋನು.

ಆ ದಿನ ಊಟದ ಬಿಡುವಿನಲ್ಲಿ ತಮ್ಮ ಫೋನು ಮಾಡಿದ್ದ. "ಅಕ್ಕಾ, ಹಿಂದಿನ ಬಾಗಿಲಿಗೆ ಬೀಗ ಹಾಕ್ಬಿಟ್ಟಿದ್ದಾರೆ ಕಣಕ್ಕ. ಇನ್ನು ಸಿಗರೇಟು ಸೇದ್ಬೇಕಂದ್ರೆ ಮ್ಯಾನೇಜರ್ ರೂಮಿಗೇ ಹೋಗ್ಬೇಕು" ಎಂದು ನಕ್ಕ. ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಹಲ್ಲು ಕಚ್ಚಿಕೊಂಡೇ, ಒಳ್ಳೇದಾಯ್ತು, ಸೇದೋದು ಬಿಡು ಎಂದೆ. ಅಷ್ಟೇ. ಬೆಂಕಿ ಹತ್ತಿದ್ದು ಮೂರು ಗಂಟೆಯ ಮೇಲೆ. "ನಿಮ್ಮ ಫೋನಿನ ಮಾತೊಂದೇ ಗಟ್ಟಿ ಸಾಕ್ಷಿ ಅಕ್ಕ" ಎನ್ನುತ್ತಾನೆ ಉದ್ದಣ್ಣ. ಬೆಂಕಿ ಹತ್ತುವ ಮೊದಲೇ, ಯಾವ ದುರುದ್ದೇಶವೂ ಇಲ್ಲದೆ ಆಡಿದ ಮಾತು ಅದು ಎನ್ನುತ್ತಾನೆ. ಅದಕ್ಕಾದರೂ ನಾನು ನಾಯಕರ ಸಭೆಗಳಿಗೆ ಹೋಗಬೇಕೇನೋ.

ಮಾರ್ಚ್ ೧೦

ಭಾಷಣ ಬರೆಯುವ ಹೆಂಗಸು ಮನೆಗೆ ಬಂದಿದ್ದಳು. ನಾಯಕರು ಆಡುವ ಮಾತೆಲ್ಲ ಇವಳದಂತೆ. ದೊಡ್ಡ ಚೀಲ, ಸಣ್ಣ ದನಿ, ವಿಪರೀತ ನೆಗಡಿ. ತಮ್ಮ ಹೇಗಿದ್ದ, ಏನು ಇಷ್ಟ, ಚಿಕ್ಕಂದಿನಲ್ಲಿ ಹೇಗೆ ಕರೆಯುತ್ತಿದ್ದಿರಿ, ಎಲ್ಲ ಕೇಳಿದಳು. ಹನ್ನೊಂದು ವರ್ಷ ಚಿಕ್ಕವನು, ನಾನೇ ಎತ್ತಿ ಆಡಿಸಿದವನು, ಸ್ನಾನಕ್ಕೆ ಹೋದರೆ ಹಾಡು ಮುಗಿಯುವವರೆಗೆ ಹೊರಗೆ ಬರುತ್ತಿರಲಿಲ್ಲ, ಶುದ್ಧ ಸೋಮಾರಿ ಎಂದೆ. ಸೋಮಾರಿ ಎಂಬುದನ್ನು ಅವಳು ಬರೆದುಕೊಳ್ಳಲಿಲ್ಲ.

ಫೋನಿನ ವಿಷಯ ಹೇಳಿದಾಗ ಅತ್ತಳು. ನಾಟಕವಲ್ಲ, ನಿಜವಾಗಿಯೇ ಅತ್ತಳು. ಅಳುತ್ತಲೇ ಬರೆದುಕೊಂಡಳು. ಮೂಗು ಒರೆಸಿಕೊಂಡು ಓದಿದಳು: ಆ ದಿನ ಅವನು ಅಕ್ಕನಿಗೆ ಫೋನು ಮಾಡಿದ್ದ. ಅಕ್ಕಾ, ಹಿಂದಿನ ಬಾಗಿಲಿಗೆ ಬೀಗ ಹಾಕಿಬಿಟ್ಟಿದ್ದಾರೆ ಎಂದ. ಆಮೇಲೆ ಅವನ ದನಿ ಅಕ್ಕನಿಗೆ ಕೇಳಲಿಲ್ಲ.

ಅವನು ನಕ್ಕಿದ್ದ ಎಂದು ನೆನಪಿಸಿದೆ. "ಸತ್ತವರು ನಗೋದನ್ನ ಜನ ಕೇಳಿಸ್ಕೊಳ್ಳಲ್ಲ" ಎಂದಳು. ಊಟದ ಹೊತ್ತಿಗೆ ಎಂಬುದೂ ಇಲ್ಲವಲ್ಲ ಎಂದೆ. ಗಂಟೆ ಹೇಳಿದರೆ ಭಾಷಣ ಹೋಗಿ ಪೊಲೀಸ್ ವರದಿಯಾಗುತ್ತದೆಯಂತೆ. ಯೋಚಿಸಿ ನೋಡಿದೆ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಸರಿ ಎಂದೆ.

ಮಾರ್ಚ್ ೧೬

ಮೊದಲ ಸಭೆ. ಮೈದಾನದ ತುಂಬ ಜನ. ನನ್ನ ಕುರ್ಚಿ ವೇದಿಕೆಯ ಎಡಗಡೆ, ನಾಯಕರಿಗಿಂತ ಒಂದು ಹೆಜ್ಜೆ ಹಿಂದೆ. ಕನ್ನಡಕ ತೆಗೆಸಿದರು, ದೀಪದ ಬೆಳಕಿಗೆ ಗಾಜು ಹೊಳೆದು ಕಣ್ಣು ಕಾಣುವುದಿಲ್ಲವಂತೆ. ಕೈ ತೊಡೆಯ ಮೇಲಿರಲಿ, ಅವರಿಗಿಂತ ಮುಂಚೆ ಅಳಬೇಡಿ ಎಂದಳು ಭಾಷಣದವಳು. ಅಳುವುದಕ್ಕೂ ಸರದಿಯೇನಮ್ಮ ಎಂದೆ. ನಕ್ಕುಬಿಟ್ಟಳು, ಪಾಪ. ಕನ್ನಡಕವಿಲ್ಲದೆ ನನಗೆ ಸ್ಪಷ್ಟವಾಗಿ ಕಂಡದ್ದು ಪಕ್ಕದ ಪರದೆಯೊಂದೇ. ಅಂಚನ್ನು ಹೊಲಿದೇ ಇರಲಿಲ್ಲ, ಪಿನ್ನು ಚುಚ್ಚಿ ಬಿಟ್ಟಿದ್ದರು.

ನಾಯಕರು ಮೊದಲು ರಸ್ತೆ, ನೀರು, ಆಸ್ಪತ್ರೆ ಎಂದು ಗಂಟಲು ಹರಿದುಕೊಂಡರು. ಜನ ತಮ್ಮ ಪಾಡಿಗೆ ಮಾತಾಡುತ್ತಿದ್ದರು, ಮಕ್ಕಳು ಓಡುತ್ತಿದ್ದರು. ಇದ್ದಕ್ಕಿದ್ದಂತೆ ನಿಲ್ಲಿಸಿ ನೀರಿನ ಲೋಟ ಎತ್ತಿಕೊಂಡರು. ಕುಡಿಯಲಿಲ್ಲ. ಹಾಗೇ ಕೆಳಗಿಟ್ಟರು. ಆಮೇಲೆ ಎಷ್ಟು ಮೆಲ್ಲಗೆ ಮಾತಾಡಿದರೆಂದರೆ ಇಡೀ ಮೈದಾನ ಮುಂದಕ್ಕೆ ಬಾಗಿತು. ಅಕ್ಕಾ, ಎಂದರು. ನಿಲ್ಲಿಸಿದರು. ಬೀಗ ಹಾಕಿಬಿಟ್ಟಿದ್ದಾರೆ, ಎಂದರು.

ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಅವಳಿಂದ ಪಕ್ಕದವಳಿಗೆ, ಅಲ್ಲಿಂದ ಹಿಂದಕ್ಕೆ. ಯಾರೂ ಸುಳ್ಳು ಹೇಳಲಿಲ್ಲ. ಗಂಟೆ ಹೇಳಲಿಲ್ಲ ಅಷ್ಟೇ. ಬೆಂಕಿ, ಹೊಗೆ, ಫೋನು ಹಿಡಿದ ಕೈ, ಉಳಿದದ್ದನ್ನೆಲ್ಲ ಜನ ತಾವೇ ತುಂಬಿಕೊಂಡರು. ನನ್ನ ಮೈಯೂ ಜುಮ್ಮೆಂದಿತು. ನನ್ನ ತಮ್ಮನ ಮಾತು ನನಗೇ ಗೊತ್ತಿಲ್ಲವೆಂಬಂತೆ ಕೂತು ಕೇಳಿದೆನಲ್ಲ, ಥೂ.

ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದೂ ಕೇಳಲಿಲ್ಲ. ಬೆಂಕಿಯ ದಿನದ ಬಗ್ಗೆ ಅವಳು ಇಲ್ಲಿಯವರೆಗೆ ಒಂದು ಮಾತನ್ನೂ ಕೇಳಿಲ್ಲ.

ಮಾರ್ಚ್ ೨೪

ಇವತ್ತು ನಾಯಕರು ಕೆಮ್ಮಿದರು. ಅಕ್ಕಾ ಎಂದು, ಕೆಮ್ಮಿ, ಆಮೇಲೆ ಬೀಗದ ಮಾತು. ಹೊಗೆ ಎಂಬ ಪದ ಬಾಯಲ್ಲಿ ಬರಲಿಲ್ಲ, ಕೆಮ್ಮೇ ಹೇಳಿತು.

ಇಳಿದ ತಕ್ಷಣ ಭಾಷಣದವಳನ್ನು ಹಿಡಿದೆ. ತಮ್ಮ ಕೆಮ್ಮಿರಲಿಲ್ಲ, ನಾಲಿಗೆಗೆ ಎಲುಬಿಲ್ಲ ಅಂತ ಹೀಗಾ ಎಂದೆ. ತಾನು ಕೆಮ್ಮು ಬರೆದಿಲ್ಲ ಎಂದು ಆಣೆ ಮಾಡಿದಳು. "ಅವರು ನಾನು ಬರೆದಿದ್ದನ್ನ ಓದಲ್ಲ. ಜನರ ಮುಖ ಓದ್ತಾರೆ" ಎಂದಳು. ಜನ ಎಲ್ಲಿ ಮುಂದಕ್ಕೆ ಬಾಗುತ್ತಾರೋ ಅಲ್ಲಿ ಇನ್ನೊಂದು ಚಮಚ ಹಾಕುತ್ತಾರಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡು, ಜನ ಅತ್ತರೆ ವೋಟು, ವೋಟು ಬಿದ್ದರೆ ತನಿಖೆ, ನಿಮಗೆ ಬೇಕಾದದ್ದು ಅದೇ ತಾನೇ ಎಂದು ಕೇಳಿದಳು.

ಹೌದು, ಅದೇ ಬೇಕು. ಅಳುವ ಮಗುವಿಗೇ ಹಾಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೊದಲು ಸುಮ್ಮನಿದ್ದ ಒಂದೂವರೆ ತಿಂಗಳಲ್ಲಿ ನಮಗೆ ಸಿಕ್ಕಿದ್ದು ಸುಣ್ಣ ಬಳಿದ ಗೋಡೆ.

ಮಾರ್ಚ್ ೨೫

ಇಡೀ ದಿನ ಹೋಟೆಲಿನವರ ಪರದೆ. ಕೆಂಪು ಬಟ್ಟೆ ನೋಡಿ ನೋಡಿ ಕಣ್ಣುರಿ. ತಮ್ಮ ಕೆಮ್ಮಿರಲಿಲ್ಲ. ಬರೆದಿಟ್ಟಿದ್ದೇನೆ.

ಏಪ್ರಿಲ್ ೬

ಈಗ ಮಾತು ಇನ್ನೂ ಬೆಳೆದಿದೆ. "ಅಕ್ಕಾ, ಬೀಗ ಹಾಕಿಬಿಟ್ಟಿದ್ದಾರೆ. ಬಾಗಿಲು ತೆಗೀರಿ ಅಂತ ಹೇಳಕ್ಕಾ." ಹೋದ ವಾರ ನಾಯಕರ ಬಾಯಿಂದ ತಾನಾಗಿ ಬಂತಂತೆ. ಈಗ ಅದೇ ಗಟ್ಟಿಯಾಗಿದೆ, ಜನ ಅದನ್ನು ಹಲಗೆಗಳ ಮೇಲೆ ಬರೆದುಕೊಂಡು ಬರುತ್ತಾರೆ.

ಇವತ್ತು ಹೇಳದೆ ಕೇಳದೆ ಮೈಕನ್ನು ನನ್ನ ಕೈಗೆ ಕೊಟ್ಟರು. ಅವನ ಮಾತನ್ನು ಅಕ್ಕನೇ ಹೇಳಲಿ ಎಂದರು ನಾಯಕರು. ಊಟದ ಹೊತ್ತಾಗಿತ್ತು, ನಗುತ್ತಿದ್ದ, ಸಿಗರೇಟಿನ ಮಾತು, ಇವೆಲ್ಲ ಗಂಟಲಲ್ಲಿ ಸಿಕ್ಕಿಕೊಂಡವು. ಅಷ್ಟು ಸಾವಿರ ಜನ ಅಳಲು ಸಿದ್ಧರಾಗಿ ನಿಂತಿರುವಾಗ ಸಿಗರೇಟಿನ ಮಾತು ಹೇಗೆ ಆಡುವುದು? ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆನೋ. "ಅಕ್ಕಾ" ಎಂದಷ್ಟೇ ಬಂತು. ಮೈದಾನ ಗೊಳೋ ಎಂದಿತು. ಹಿಂದೆ ನಿಂತಿದ್ದ ಪೊಲೀಸಿನವನೂ ಟೋಪಿ ತೆಗೆದು ಮುಖ ಒರೆಸಿಕೊಂಡ.

ಕಾರಿನಲ್ಲಿ ನಾಯಕರು, ಆ ಮೌನ ನನಗೆ ಮೂವತ್ತು ವರ್ಷದಲ್ಲಿ ಸಿದ್ಧಿಸಿಲ್ಲ ತಾಯೀ ಎಂದರು. ಅವರ ಕಣ್ಣಲ್ಲೂ ನೀರಿತ್ತು. ಮೌನವಲ್ಲ, ಮಾತು ಬರಲಿಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಹೊಗಳಿಸಿಕೊಂಡು ಎಷ್ಟು ವರ್ಷವಾಗಿತ್ತೋ.

ಏಪ್ರಿಲ್ ೧೯

ದಿನಕ್ಕೆ ಎರಡು ಸಭೆ. ಯಜಮಾನತಿ ರಜೆ ಕೊಟ್ಟಿದ್ದಾಳೆ, ಅಂಗಡಿಗೆ ಬಂದವರಿಗೆಲ್ಲ ನನ್ನ ಫೋಟೋ ತೋರಿಸುತ್ತಾಳಂತೆ.

ಮಧ್ಯಾಹ್ನದ ಸಭೆ ಸಪ್ಪೆ. ನಾಯಕರು ಒಂದು ಉಸಿರು ಮುಂಚೆಯೇ ಶುರು ಮಾಡಿಬಿಟ್ಟರು. ಜನ ಇನ್ನೂ ಆಸ್ಪತ್ರೆಯ ಮಾತಿನಲ್ಲೇ ಇದ್ದರು, ಮನಸ್ಸು ಹದಕ್ಕೆ ಬಂದಿರಲಿಲ್ಲ. ಲೋಟ ಕೆಳಗಿಟ್ಟ ಮೇಲೆ ಸ್ವಲ್ಪ ತಡೆಯಿರಿ ಎಂದೆ. ಸಂಜೆ ಹಾಗೇ ಮಾಡಿದರು. ನಾನೂ ಅಕ್ಕಾ ಎಂದ ಮೇಲೆ ತಲೆ ತಗ್ಗಿಸಿ, ಮೂರನೇ ಉಸಿರಿಗೆ ತಲೆಯೆತ್ತಿ, ಬಾಗಿಲು ತೆಗೀರಿ ಎಂದೆ. ಜನಸಾಗರವೇ ಎದ್ದು ನಿಂತಿತು. ಅವನು ನನ್ನೊಬ್ಬಳ ತಮ್ಮನಲ್ಲ. ಬೆವರು ಸುರಿಸಿ ದುಡಿಯುವ ಪ್ರತಿಯೊಬ್ಬರ ತಮ್ಮ. ಬೀಗ ಬಿದ್ದದ್ದು ಒಂದು ಬಾಗಿಲಿಗಲ್ಲ, ಬಡವರ ಉಸಿರಿಗೆ.

ವೇದಿಕೆಯ ಹಿಂದೆ ಉದ್ದಣ್ಣ ಕಾದಿದ್ದ. ಬಗ್ಗಿ, ಯಾರಿಗೂ ಕೇಳಿಸದ ಹಾಗೆ, "ಅಕ್ಕ, ಅವನು ಊಟದ ಹೊತ್ತಲ್ಲಿ ಅಲ್ವಾ ಫೋನ್ ಮಾಡಿದ್ದು?" ಎಂದ. ಹೌದು, ಅದಕ್ಕೇನೀಗ ಎಂದೆ. ಏನಿಲ್ಲ ಎಂದ. ಅವನ ಏನಿಲ್ಲ ನನಗೆ ಹಿಡಿಸಲಿಲ್ಲ. ಇಷ್ಟು ಜನ ನಮ್ಮ ದುಃಖಕ್ಕೆ ಎದ್ದು ನಿಂತಿರುವಾಗ ಇವನೊಬ್ಬ ಗಡಿಯಾರ ಹಿಡಿದು ನಿಂತಿದ್ದಾನೆ.

ಅಮ್ಮ ಟಿ.ವಿ.ಯಲ್ಲಿ ನಾನು ಬಂದರೆ ಆರಿಸಿಬಿಡುತ್ತಾಳೆ. ನೋಡಿದರೆ ಅವಳಿಗೂ ಒಳ್ಳೆಯದು, ಒಮ್ಮೆ ಅತ್ತುಬಿಟ್ಟರೆ ಎದೆಯ ಭಾರ ಇಳಿಯುತ್ತದೆ.

ಮೇ ೫

ಗೆದ್ದರು. ಗೆಲುವಿನ ಸಭೆಯಲ್ಲಿ ನನ್ನ ಕೈ ಹಿಡಿದು ಮೇಲೆತ್ತಿದರು. ಈ ಗೆಲುವು ಈ ತಾಯಿಯ ಕಣ್ಣೀರಿನದು ಎಂದರು. ಅಳು, ಕೂಗು, ಪಟಾಕಿ.

ಮಾತು ಉಳಿಸಿಕೊಂಡರು. ತನಿಖೆಗೆ ಅಧಿಕಾರಿಯನ್ನು ನೇಮಿಸಿ ಆಯಿತಂತೆ, ಮುಂದಿನ ತಿಂಗಳು ನಮ್ಮೆಲ್ಲರ ಹೇಳಿಕೆ. ರಾಜಕೀಯದವರೆಲ್ಲ ಒಂದೇ ಎನ್ನುತ್ತಿದ್ದೆ. ತಪ್ಪಾಯಿತು. ತಮ್ಮಾ, ನೋಡು, ನಿನ್ನ ಕೂಗು ವ್ಯರ್ಥವಾಗಲಿಲ್ಲ.

ಜೂನ್ ೧೧

ಇವತ್ತು ಹೇಳಿಕೆ. ಕಚೇರಿಯ ಎರಡನೇ ಮಹಡಿ. ಸಣ್ಣ ಕೋಣೆ, ಉದ್ದ ಮೇಜು, ಕಾಗದ ಹಾರದಂತೆ ಹೇರಿದ ಕಲ್ಲುಗಳು. ತನಿಖಾಧಿಕಾರಿ, ಟೈಪ್ ಮಾಡುವ ಹುಡುಗಿ, ಕಂಪನಿಯ ವಕೀಲರು. ಒಟ್ಟು ಆರು ಜನವೂ ಇರಲಿಲ್ಲ. ಅಷ್ಟು ಕಡಿಮೆ ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ, ಮೊದಮೊದಲು ದನಿಯೇ ಏಳಲಿಲ್ಲ.

ತಮ್ಮ ಫೋನಿನಲ್ಲಿ ಏನು ಹೇಳಿದ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕೆಮ್ಮುತ್ತಿದ್ದ, ಮಾತು ಸರಿಯಾಗಿ ಬರುತ್ತಿರಲಿಲ್ಲ. ಅಕ್ಕಾ, ಬೀಗ ಹಾಕಿಬಿಟ್ಟಿದ್ದಾರೆ, ಬಾಗಿಲು ತೆಗೀರಿ ಅಂತ ಹೇಳಕ್ಕಾ. ಅಕ್ಕಾ ಎಂದಾಗ ಹುಡುಗಿಯ ಬೆರಳು ನಿಂತವು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೇನು ಬೇಕು? ಕೆಲಸವಾಯಿತು ಎಂದುಕೊಂಡೆ. ವಕೀಲರು ಮಾತ್ರ ಏನೂ ಕೇಳದೆ, ಮುಂದಿನ ಸಲ ಕೇಳುತ್ತೇನೆ ಎಂದರು.

ಹೊರಗೆ ಬೆಂಚಿನ ಮೇಲೆ ಉದ್ದಣ್ಣ ತನ್ನ ಸರದಿಗೆ ಕಾದಿದ್ದ. ಚೆನ್ನಾಗಿ ಆಯ್ತು, ಹೆದರಬೇಡ ಎಂದು ಬೆನ್ನು ತಟ್ಟಿದೆ.

ಜೂನ್ ೨೦

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ವಕೀಲರು ಕೂಗಾಡುವ ಜಾತಿಯಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿದರು. ಫೋನು ಬಂದಾಗ ಹೊಗೆ ತುಂಬಿತ್ತೇ ಅಮ್ಮಾ? ತುಂಬಿತ್ತು ಎಂದೆ. ಕೆಮ್ಮುತ್ತಿದ್ದರೇ? ಹೌದು. ಒಂದೇ ಸಲ ಫೋನು ಮಾಡಿದ್ದೇ? ಹೌದು, ಅದೇ ಕೊನೆಯದು. ಆಮೇಲೆ ಫೋನು ಕಂಪನಿ ಕೊಟ್ಟ ಕಾಗದವನ್ನು ನನ್ನ ಮುಂದೆ ಸರಿಸಿದರು. ಆ ದಿನ ತಮ್ಮನ ಫೋನಿನಿಂದ ನನಗೆ ಬಂದದ್ದು ಒಂದೇ ಕರೆ. ಹನ್ನೆರಡೂ ಮುಕ್ಕಾಲಿಗೆ. ಮೂರು ಗಂಟೆಯ ಮೇಲೆ ಅವನು ಯಾರಿಗೂ ಮಾಡಿಲ್ಲ.

ಮೊದಲು ಅನ್ನಿಸಿದ್ದು ಕಾಗದ ತಿದ್ದಿದ್ದಾರೆ ಎಂದು. ಹಾಗೇ ಹೇಳಿಯೂಬಿಟ್ಟೆ. ಹೇಳಿದ ಮೇಲೆ, ಆ ಗಂಟೆಯನ್ನು ಇನ್ನೊಮ್ಮೆ ನೋಡಿದ ಮೇಲೆ, ನೆನಪಾಯಿತು. ಊಟದ ಹೊತ್ತು. ಗುಂಡುಸೂಜಿ. ಹೌದು ಸ್ವಾಮೀ, ಆಗಲೇ ಮಾಡಿದ್ದು, ಆಗಲೇ ಬೀಗದ ಮಾತು ಹೇಳಿದ್ದು, ತಮಾಷೆ ಮಾಡುತ್ತ ಹೇಳಿದ್ದ, ಸಿಗರೇಟು ಸೇದಲು ಹೋಗುವ ಹಾಗಿಲ್ಲ ಅಂದಿದ್ದ ಎಂದು ಒಂದೇ ಉಸಿರಿಗೆ ಹೇಳಿದೆ. ನಿಜವನ್ನು ಹೇಳುವಾಗ ತಡವರಿಸಿದೆ. ಸುಳ್ಳಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ತಲೆಯೆತ್ತಬೇಕು ಎಂದು ಗೊತ್ತಿತ್ತು. ನಿಜಕ್ಕೆ ಗೊತ್ತಿರಲಿಲ್ಲ.

"ಹೋದ ವಾರ ಅದು, ಈ ವಾರ ಇದು. ಯಾವುದನ್ನ ಬರ್ಕೊಳ್ಳೋಣ ಅಮ್ಮಾ?" ಎಂದರು ವಕೀಲರು. ನನ್ನ ಸಭೆಗಳ ವಿಡಿಯೋ ಹಾಕಿ ತೋರಿಸಿದರು. ಮೂರು ಊರು, ಮೂರು ಸಲ ಅದೇ ಅಕ್ಕಾ, ಅದೇ ಮೂರನೇ ಉಸಿರು. ಕೋಣೆಯಲ್ಲಿ ಯಾರೂ ಅಳಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ.

ಜೂನ್ ೨೧

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು. ಅಂಗಡಿಗೆ ಹೋಗಲಿಲ್ಲ.

ಜುಲೈ ೩

ವರದಿ ಬಂತು. ಹಿಂದಿನ ಬಾಗಿಲಿಗೆ ಬೀಗ ಹಾಕಲಾಗಿತ್ತೆಂಬುದಕ್ಕೆ ನಂಬಲರ್ಹವಾದ ಸಾಕ್ಷ್ಯವಿಲ್ಲ. ಉದ್ದಣ್ಣನ ಹೇಳಿಕೆಯೂ ನನ್ನದರ ಜೊತೆ ಹೋಯಿತು, ಇಬ್ಬರಿಗೂ ಹೇಳಿಕೊಟ್ಟು ಕರೆತಂದಂತೆ ಕಾಣುತ್ತದೆ ಎಂದು ಬರೆದಿದ್ದಾರೆ. ನಾಲ್ಕು ಜನ ತಮ್ಮದೇ ಅಜಾಗರೂಕತೆಯಿಂದ ಸತ್ತರು. ಸರ್ಕಾರದ ಕಾಗದದಲ್ಲಿ ಬರಲಿ ಎಂದಿದ್ದೆ. ಬಂತು.

ಸಂಜೆ ನಾಯಕರು ಟಿ.ವಿ.ಯಲ್ಲಿ ಮಾತಾಡಿದರು. ಅಮ್ಮ ಮಲಗಿದ್ದಳು, ನಾನೊಬ್ಬಳೇ ನೋಡಿದೆ. ನಾನು ಆ ಹೆಣ್ಣುಮಗಳನ್ನು ದೂಷಿಸುವುದಿಲ್ಲ ಎಂದರು. ಲೋಟ ಎತ್ತಿಕೊಂಡರು, ಕುಡಿಯದೆ ಕೆಳಗಿಟ್ಟರು. "ದುಃಖ ಅನ್ನೋದು..." ಎಂದು ನಿಲ್ಲಿಸಿದರು. "ದುಃಖ ಮನುಷ್ಯನ ನೆನಪನ್ನೇ ಸುಟ್ಟುಹಾಕುತ್ತೆ. ಅವಳು ನನ್ನ ತಂಗಿ ಇದ್ದ ಹಾಗೆ." ಎಷ್ಟು ಚೆನ್ನಾಗಿ ಹೇಳಿದರೆಂದರೆ ನನಗೇ ನನ್ನ ಮೇಲೆ ಕನಿಕರ ಬಂತು. ಆಮೇಲೆ ಟಿ.ವಿ. ಆರಿಸಿದೆ.

ಭಾಷಣದವಳಿಗೆ ಫೋನು ಮಾಡಿದೆ. ಎತ್ತುತ್ತಾಳೆ ಎಂದುಕೊಂಡಿರಲಿಲ್ಲ, ಎತ್ತಿದಳು. "ನಾನು ಬರ್ದಿದ್ದು ವೇದಿಕೆಗೆ. ಅದನ್ನ ಆ ಕೋಣೆಗೆ ಯಾಕೆ ತಗೊಂಡು ಹೋದ್ರಿ ನೀವು?" ಎಂದು ಕೇಳಿದಳು. ಅವಳ ದನಿ ಕಟ್ಟಿತ್ತು, ನೆಗಡಿಯೋ ಅಳುವೋ ತಿಳಿಯಲಿಲ್ಲ. ನಾನು ತಗೊಂಡು ಹೋಗಲಿಲ್ಲ, ಅದೇ ನನ್ನ ಜೊತೆ ಬಂತು ಎಂದೆ.

ಜುಲೈ ೮

ಉದ್ದಣ್ಣನ ಮನೆಗೆ ಹೋಗಿದ್ದೆ. ಬೈದರೆ ಬೈಸಿಕೊಂಡು ಬರೋಣ ಎಂದು. ಬೈಯಲಿಲ್ಲ. ಕೂರಿಸಿ ಟೀ ಕೊಟ್ಟ. ಕಾರ್ಖಾನೆಯವರು ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ, ಬೇರೆ ಕಡೆಯೂ ಸುಳ್ಳು ಸಾಕ್ಷಿಯವನು ಎನ್ನುತ್ತಾರಂತೆ. ಅವನ ಹೆಂಡತಿ ಒಳಗಿನಿಂದ ಹೊರಗೆ ಬರಲೇ ಇಲ್ಲ. ಕ್ಷಮಿಸು ಎಂದು ಶುರುಮಾಡಿದೆ. ದನಿ ತಾನಾಗಿ ಇಳಿಯಿತು, ಮಾತಿನ ನಡುವೆ ತಾನಾಗಿ ನಿಂತಿತು. ಅವನು ಕೈ ಅಡ್ಡ ಹಿಡಿದ.

"ಬೇಡ ಅಕ್ಕ. ಆ ಬೀಗಾನ ನಾನು ಈ ಕೈಯಲ್ಲಿ ಹಿಡ್ದು ಎಳ್ದಿದ್ದೀನಿ. ಈಗ ನನ್ನ ಹೆಂಡ್ತಿನೂ, ನಿಜವಾಗ್ಲೂ ಇತ್ತಾ ಅಂತ ಕೇಳ್ತಾಳೆ" ಎಂದ. ಅಂಗೈಯಲ್ಲಿ ಸುಟ್ಟ ಗಾಯ ಇನ್ನೂ ಕೆಂಪಗಿತ್ತು. ಟೀ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ಜುಲೈ ೧೫

ಅಂಗಡಿಗೆ ಮತ್ತೆ ಹೋಗುತ್ತಿದ್ದೇನೆ. ಯಜಮಾನತಿ ಒಳಗಿನ ಮೇಜು ಕೊಟ್ಟಿದ್ದಾಳೆ, ಗಿರಾಕಿಗಳಿಗೆ ಕಾಣದ ಕಡೆ. ಎಲ್ಲರಿಗೂ ತೋರಿಸುತ್ತಿದ್ದ ನನ್ನ ಫೋಟೋವನ್ನು ಎತ್ತಿಟ್ಟಿದ್ದಾಳೆ. ಅವಳನ್ನು ದೂರುವುದಿಲ್ಲ.

ಸಂಜೆ ತರಕಾರಿ ಹೆಚ್ಚುತ್ತಿದ್ದೆ. ಅಮ್ಮ ಒಲೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ನೀರು ಕುದಿಯುತ್ತಿತ್ತು. ಯಾವ ಪೀಠಿಕೆಯೂ ಇಲ್ಲದೆ, ಉಪ್ಪು ಎಲ್ಲಿ ಎಂದು ಕೇಳುವ ದನಿಯಲ್ಲೇ, "ಅವತ್ತು ಮರಿ ನಿಂಗೆ ಫೋನ್ ಮಾಡಿದ್ನಲ್ಲ. ಏನಂದ?" ಎಂದಳು.

ತಮ್ಮನನ್ನು ಅವಳು ಕರೆಯುತ್ತಿದ್ದದ್ದೇ ಮರಿ ಎಂದು. ಅವನು ಹೋದ ಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಇದೇ ಮೊದಲು. ಅವನಿಗೆ ಏನಾಯಿತು, ಯಾರು ಮಾಡಿದರು ಎಂದಲ್ಲ ಅವಳು ಕೇಳಿದ್ದು. ಮಗ ಏನಂದ ಎಂದು ಕೇಳಿದಳು. ಚಾಕು ಕೆಳಗಿಟ್ಟೆ. ಹೇಳಬೇಕು, ಇವಳಿಗಾದರೂ ಸರಿಯಾಗಿ ಹೇಳಬೇಕು ಎಂದುಕೊಂಡೆ.

ಅಕ್ಕಾ ಅಂದ, ಎಂದೆ. ದನಿ ಇಳಿಯಿತು. ನಿಂತೆ. ತಲೆ ತಗ್ಗಿತು. ಕಣ್ಣು ತುಂಬಿ ಬಂತು. ದೇವರಾಣೆ ನಾನು ತರಿಸಿಕೊಂಡದ್ದಲ್ಲ, ಹೊಟ್ಟೆಯ ಒಳಗಿನಿಂದ ಬಂದದ್ದು. ನನ್ನ ತಮ್ಮ ಸತ್ತಿದ್ದಾನೆ, ಅವನಿಗಾಗಿ ಬಂದ ಅಳು.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ನನ್ನ ಮೊಣಕೈ ಹಿಡಿದು ಮೆಲ್ಲಗೆ ಅಲುಗಿಸಿದಳು, ನಿದ್ದೆಯಲ್ಲಿರುವವರನ್ನು ಎಬ್ಬಿಸುವ ಹಾಗೆ. "ಇಲ್ಲಿ ಬೇರೆ ಯಾರೂ ಇಲ್ಲ ಕಣೆ. ನಂಗೆ ಹೇಳು" ಎಂದಳು.

ಬಾಗಿಲಿಗೆ ಬೀಗ ಹಾಕಿಬಿಟ್ಟಿದ್ದಾರೆ ಅಂದ ಅಮ್ಮ, ಸಿಗರೇಟು ಸೇದೋ ಹಾಗಿಲ್ಲ ಅಂದ, ಎಂದೆ. ಪದಗಳೆಲ್ಲ ಸರಿಯಾಗಿದ್ದವು. ನಗ್ತಾ ಅಂದ ಎಂದೂ ಸೇರಿಸಿದೆ. ಹೇಗೆ ನಕ್ಕ ಎಂದು ಕೇಳಿದಳು. ಮೂಗಿನಲ್ಲೋ, ದೊಡ್ಡದಾಗೋ ಎಂದಳು. ಬಾಯಿ ತೆರೆದೆ. ಆ ನಗುವನ್ನು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ನನ್ನ ಕಿವಿಯಲ್ಲಿ ಬಂದದ್ದು ನಾಯಕರ ಕೆಮ್ಮು.

ಅಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಒಲೆ ಆರಿಸಿ, ತನ್ನ ಕಿಟಕಿಯ ಹತ್ತಿರ ಹೋಗಿ ಕೂತಳು.